ಪ್ಲಾಟ್–ಮಿಸೌರಿ ಸಂಗಮದಲ್ಲಿ ಸಿಕ್ಕ ಸ್ಟರ್ಜನ್: ಪ್ಯಾಲಿಡ್ ಇರಬಹುದೇ, ಸಲಿಕೆಮೂತಿಯೇ?

ಒಮಾಹಾ ನಿವಾಸಿ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಅಮೆರಿಕದ ನೆಬ್ರಾಸ್ಕಾ ರಾಜ್ಯದ ಒಮಾಹಾದಲ್ಲಿ ವಾಸವಾಗಿದ್ದೇನೆ. ಕಳೆದ ಶನಿವಾರ ನಮ್ಮ ಊರಿಗೆ ದಕ್ಷಿಣದಲ್ಲಿ ಪ್ಲಾಟ್ ನದಿಯು ಮಿಸೌರಿಯನ್ನು ಕೂಡುವ ಸ್ಥಳಕ್ಕೆ ಸಹೋದ್ಯೋಗಿಯೊಬ್ಬರೊಡನೆ ಗಾಳ ಹಾಕಲು ಹೋಗಿದ್ದೆ. ಎರೆಹುಳು ಸಿಕ್ಕಿಸಿದ ಗಾಳವು ಸೀಸದ ಗುಂಡಿನ ಭಾರಕ್ಕೆ ತಳ ಮುಟ್ಟಿ ಅರ್ಧ ಗಂಟೆಯಾಗಿತ್ತು. ದಾರ ಜಗ್ಗಿದ್ದು ಎಷ್ಟು ಮೆಲ್ಲಗೆ ಎಂದರೆ, ನೀರಿನಲ್ಲಿ ಮುಳುಗಿದ ಕೊಂಬೆ ತಗುಲಿಕೊಂಡಿರಬೇಕೆಂದೇ ನಾವಿಬ್ಬರೂ ತಿಳಿದೆವು.

ಮೇಲೆ ಬಂದದ್ದು ಸುಮಾರು ಅರವತ್ತು ಸೆಂಟಿಮೀಟರ್ ಉದ್ದದ ಮೀನು, ಸ್ಟರ್ಜನ್ ಎಂಬ ಮೀನಿನ ಜಾತಿಯದು. ಮೊದಲು ಕಣ್ಣಿಗೆ ಬಿದ್ದದ್ದು ಅದರ ಮೂತಿ. ಮಣ್ಣೆತ್ತುವ ಸಲಿಕೆಯ ಅಲಗಿನಷ್ಟು ಚಪ್ಪಟೆ. ಬೆನ್ನಿನ ಮೇಲೆ ಮತ್ತು ಪಕ್ಕಗಳಲ್ಲಿ ಸಾಲುಸಾಲಾಗಿ ಮೂಳೆಯ ಬಿಲ್ಲೆಗಳಿದ್ದವು, ಬೆರಳಾಡಿಸಿದರೆ ಅರದ ಮೇಲೆ ಕೈ ಎಳೆದ ಅನುಭವ. ಬಾಯಿ ಮೂತಿಯ ತುದಿಯಲ್ಲಿರದೆ ಕೆಳಗಡೆ ಹಿಂದಕ್ಕೆ ಸರಿದಿತ್ತು, ಹಲ್ಲುಗಳಿರಲಿಲ್ಲ. ಗಾಳ ಬಿಡಿಸುವಾಗ ಆ ಬಾಯಿ ಕೊಳವೆಯಂತೆ ಹೊರಕ್ಕೆ ಚಾಚಿ ಮತ್ತೆ ಒಳಕ್ಕೆ ಮಡಿಚಿಕೊಂಡಿತು. ಬಾಯಿಗಿಂತ ಮುಂದೆ ನಾಲ್ಕು ಮೀಸೆಗಳು ಇಳಿಬಿದ್ದಿದ್ದವು.

ನನ್ನ ಜೊತೆಗಿದ್ದವರು, "ಇದು ಪ್ಯಾಲಿಡ್ ಸ್ಟರ್ಜನ್ ಆಗಿದ್ದರೆ ಕಾನೂನಿನ ರಕ್ಷಣೆ ಇರುವ ಮೀನು, ನೀರಿನಿಂದ ಹೊರಗೆ ಬಹಳ ಹೊತ್ತು ಇಡಬೇಡಿ," ಎಂದರು. ಹೊಟ್ಟೆಯ ಕಡೆಯಿಂದ ಎರಡು, ತಲೆಯ ಕೆಳಭಾಗದಿಂದ ಎರಡು ಚಿತ್ರ ತೆಗೆದು ಕೂಡಲೇ ಬಿಟ್ಟೆವು. ಬಿಟ್ಟ ಮೇಲೆ ಅದು ಓಡಿಹೋಗಲಿಲ್ಲ. ಮೊಣಕಾಲುದ್ದದ ನೀರಿನಲ್ಲಿ ಮುಂದಿನ ಎರಡು ಈಜುರೆಕ್ಕೆಗಳನ್ನು ಅಗಲಿಸಿ ಮರಳಿಗೆ ಒತ್ತಿಕೊಂಡು, ಸೆಳವಿಗೆ ಎದುರಾಗಿ ಅರೆಕ್ಷಣ ನಿಂತು, ಆಮೇಲೆ ಆಳಕ್ಕೆ ಜಾರಿತು. ಚಿತ್ರಗಳು ಹಳೆಯ ಕ್ಯಾಮೆರಾದಲ್ಲಿವೆ, ವಾರಾಂತ್ಯಕ್ಕೆ ಮನೆಗೆ ಹೋದಾಗ ದೊಡ್ಡದು ಮಾಡಿ ನೋಡುತ್ತೇನೆ. ಇದು ಪ್ಯಾಲಿಡ್ ಸ್ಟರ್ಜನ್ ಇರಬಹುದೇ, ಇಲ್ಲಿ ಸಿಗುವ ಇನ್ನೊಂದಾದ ಸಲಿಕೆಮೂತಿ ಸ್ಟರ್ಜನ್ ಇರಬಹುದೇ, ಇವೆರಡನ್ನು ಪ್ರತ್ಯೇಕವಾಗಿ ಗುರುತಿಸುವುದು ಹೇಗೆಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನೇತ್ರಾವತಿ ತೀರ

ನಾನು ಮಂಗಳೂರಿನಲ್ಲಿ ಮೀನುಗಾರಿಕೆ ವಿಜ್ಞಾನ ಓದಿದವಳು. ಸ್ಟರ್ಜನ್‌ಗಳ ಬಗ್ಗೆ ಇಪ್ಪತ್ತು ವರ್ಷಗಳಿಂದ ಆಸಕ್ತಿಯಿಂದ ಓದುತ್ತಾ ಬಂದಿದ್ದೇನೆ. ನೀವು ಹಿಡಿದು ಬಿಟ್ಟದ್ದು ಸ್ಕ್ಯಾಫಿರಿಂಕಸ್ ಕುಲದ ಮೀನು ಎಂಬುದರಲ್ಲಿ ಸಂದೇಹವಿಲ್ಲ. ಮಿಸೌರಿಯಲ್ಲಿ ಈ ಕುಲದ ಎರಡು ಪ್ರಭೇದಗಳಿವೆ. ಒಂದು ಸಲಿಕೆಮೂತಿ ಸ್ಟರ್ಜನ್. ಇದನ್ನು 1820ರಲ್ಲಿ ರಾಫಿನೆಸ್ಕ್ ವರ್ಣಿಸಿದರು, ಇಂದಿಗೂ ಇದು ಸಾಕಷ್ಟು ಸಂಖ್ಯೆಯಲ್ಲಿ ಉಳಿದಿದೆ. ಇನ್ನೊಂದು ಪ್ಯಾಲಿಡ್ ಸ್ಟರ್ಜನ್. ಇಲಿನಾಯ್ ನದಿಯು ಮಿಸ್ಸಿಸಿಪ್ಪಿಯನ್ನು ಕೂಡುವ ಗ್ರಾಫ್ಟನ್ ಬಳಿ ಸಿಕ್ಕ ಒಂಬತ್ತು ಮೀನುಗಳನ್ನು ಪರಿಶೀಲಿಸಿ ಸ್ಟೀಫನ್ ಫೋರ್ಬ್ಸ್ ಮತ್ತು ರಾಬರ್ಟ್ ರಿಚರ್ಡ್‌ಸನ್ ಇದನ್ನು ಪ್ರತ್ಯೇಕ ಪ್ರಭೇದವೆಂದು 1905ರಲ್ಲಿ ಪ್ರಕಟಿಸಿದರು. ಅಷ್ಟು ದೊಡ್ಡ ನದಿಯ ಅಷ್ಟು ದೊಡ್ಡ ಮೀನು ವಿಜ್ಞಾನಿಗಳ ಕಣ್ಣಿಗೆ ಬೇರೆಯೆಂದು ಬೀಳಲು ಇಪ್ಪತ್ತನೆಯ ಶತಮಾನ ಬರಬೇಕಾಯಿತು. ಬಲೆ ಹಾಕುವ ಬೆಸ್ತರಿಗೆ ಮಾತ್ರ ಅದು ಮೊದಲೇ ಗೊತ್ತಿತ್ತು, ಬಣ್ಣ ನೋಡಿ ಅವರು ಅದನ್ನು ಬಿಳಿಯದೆಂದೇ ಕರೆಯುತ್ತಿದ್ದರು.

ಗುರುತಿಸುವಾಗ ಮೊದಲು ಹೊಟ್ಟೆಯನ್ನು ನೋಡಬೇಕು. ಸಲಿಕೆಮೂತಿಯ ಹೊಟ್ಟೆಯ ತುಂಬ ಚಿಕ್ಕಚಿಕ್ಕ ವಜ್ರಾಕಾರದ ಬಿಲ್ಲೆಗಳು ಒತ್ತೊತ್ತಾಗಿ ಜೋಡಿಸಿಕೊಂಡಿರುತ್ತವೆ. ಪ್ಯಾಲಿಡ್‌ನ ಹೊಟ್ಟೆ ಬಹುಮಟ್ಟಿಗೆ ಬರಿಯ ಚರ್ಮ, ಮುಟ್ಟಿದರೆ ನುಣುಪು. ಆಮೇಲೆ ಮೀಸೆಗಳನ್ನು ನೋಡಿರಿ. ಸಲಿಕೆಮೂತಿಯ ನಾಲ್ಕೂ ಮೀಸೆಗಳ ಬುಡಗಳು ಹೆಚ್ಚುಕಡಿಮೆ ಒಂದೇ ನೇರ ಗೆರೆಯಲ್ಲಿರುತ್ತವೆ, ಒಳಗಿನ ಎರಡು ಹೊರಗಿನವಕ್ಕೆ ಉದ್ದದಲ್ಲಿ ತೀರ ಕಡಿಮೆಯೇನೂ ಇರುವುದಿಲ್ಲ. ಪ್ಯಾಲಿಡ್‌ನಲ್ಲಿ ಒಳಗಿನ ಎರಡು ಮೀಸೆಗಳ ಬುಡ ಮೂತಿಯ ತುದಿಯ ಕಡೆಗೆ ಮುಂದೆ ಸರಿದಿರುವುದರಿಂದ ನಾಲ್ಕೂ ಬುಡಗಳನ್ನು ಕೂಡಿಸಿದರೆ ಬಿಲ್ಲಿನಂತೆ ಬಾಗಿದ ಗೆರೆ ಬರುತ್ತದೆ, ಮತ್ತು ಆ ಒಳ ಮೀಸೆಗಳು ಹೊರಗಿನವುಗಳ ಅರ್ಧದಷ್ಟು ಉದ್ದವಿದ್ದರೆ ಹೆಚ್ಚು. ಮೂತಿಯೂ ಪ್ಯಾಲಿಡ್‌ನಲ್ಲಿ ಹೆಚ್ಚು ನೀಳವಾಗಿ ಚೂಪಾಗಿರುತ್ತದೆ, ಕಣ್ಣು ಇನ್ನೂ ಚಿಕ್ಕದು. ಗಾತ್ರವನ್ನು ನಂಬಿ ಕೂರಬೇಡಿ. ಸಲಿಕೆಮೂತಿ ಸಾಮಾನ್ಯವಾಗಿ ಎರಡು ಮೂರು ಕಿಲೋ ದಾಟುವುದಿಲ್ಲ, ಪ್ಯಾಲಿಡ್ 1.8 ಮೀಟರ್ ಉದ್ದ, 39 ಕಿಲೋ ತೂಕದವರೆಗೆ ಬೆಳೆಯಬಲ್ಲದು, ನಿಜ. ಆದರೆ ಎಳೆಯ ಪ್ಯಾಲಿಡ್ ನೀವು ಹೇಳಿದ ಅರವತ್ತು ಸೆಂಟಿಮೀಟರೇ ಇರಬಹುದು.

ಚಿತ್ರದಲ್ಲಿ ಹೊಟ್ಟೆ ಹೇಗಿದೆ, ಮೀಸೆಗಳ ಬುಡ ಹೇಗಿದೆ ಎಂದು ನೋಡಿ ಬರೆಯಿರಿ. ಹೇಳಬಹುದು.

ಹೈಸ್ಕೂಲ್ ಮೇಷ್ಟ್ರು, ಗದಗ

ಮೇಡಂ, ಬಹಳ ಉಪಯುಕ್ತ ವಿವರಣೆ. ನನ್ನ ಎರಡು ಪ್ರಶ್ನೆಗಳಿವೆ. ಬಾಲದ ಮೇಲಿನ ಭಾಗ ಉದ್ದವಾಗಿ ಕೆಳಗಿನದು ಗಿಡ್ಡವಾಗಿರುವುದನ್ನೂ, ಅಸ್ಥಿಪಂಜರ ಮೃದ್ವಸ್ಥಿಯಿಂದಾಗಿದೆ ಎಂಬುದನ್ನೂ ನೋಡಿದ ವಿದ್ಯಾರ್ಥಿಯೊಬ್ಬ, ಹಾಗಾದರೆ ಇದು ಶಾರ್ಕಿನ ಸಂಬಂಧಿಯೇ ಎಂದು ಕೇಳಿದ. ನಾನು ಅಲ್ಲವೆಂದೆ, ಆದರೆ ಕಾರಣವನ್ನು ಸರಿಯಾಗಿ ವಿವರಿಸಲಾಗಲಿಲ್ಲ. ಎರಡನೆಯದಾಗಿ, ಪ್ಯಾಲಿಡ್ ಎಂಬುದನ್ನು ಕನ್ನಡದಲ್ಲಿ ಬಿಳಿ ಸ್ಟರ್ಜನ್ ಎಂದು ಬರೆದರೆ ತಪ್ಪಾಗುತ್ತದೆಯೇ?

ನೇತ್ರಾವತಿ ತೀರ

ಮೇಷ್ಟ್ರೇ, ನೀವು ಅಲ್ಲವೆಂದದ್ದು ಸರಿ. ಶಾರ್ಕಿನ ವಂಶದಲ್ಲಿ ಮೃದ್ವಸ್ಥಿ ಮೂಲದಿಂದಲೇ ಬಂದದ್ದು. ಸ್ಟರ್ಜನ್‌ಗಳು ನಮ್ಮ ರೋಹು, ಕಾಟ್ಲಾಗಳಂತೆ ಮೂಳೆಮೀನುಗಳ ವಂಶಕ್ಕೇ ಸೇರಿದವು, ಆ ವಂಶದ ಬಹಳ ಹಳೆಯ ಕವಲು. ಇವುಗಳ ಪೂರ್ವಜರಿಗೆ ಗಟ್ಟಿ ಮೂಳೆಗಳಿದ್ದವು, ಕಾಲಾಂತರದಲ್ಲಿ ಒಳಗಿನ ಅಸ್ಥಿಪಂಜರ ಬಹುಪಾಲು ಮೃದ್ವಸ್ಥಿಯಾಗಿ ಉಳಿಯಿತು. ಮೂಳೆ ಪೂರ್ತಿ ಮಾಯವಾಗಿಲ್ಲ, ತಲೆಯ ಮೇಲಿನ ಕವಚದಲ್ಲೂ ಮೈಮೇಲಿನ ಐದು ಸಾಲು ಬಿಲ್ಲೆಗಳಲ್ಲೂ ಇದೆ. ಇನ್ನೊಂದು ವಿಶೇಷವನ್ನು ವಿದ್ಯಾರ್ಥಿಗಳಿಗೆ ಹೇಳಿರಿ. ನಮ್ಮಲ್ಲಿ ಭ್ರೂಣದ ಹಂತದಲ್ಲಿ ಮಾತ್ರ ಪೂರ್ಣವಾಗಿರುವ ನೋಟೋಕಾರ್ಡ್ ಎಂಬ ಮೆತ್ತನೆಯ ದಂಡವು ಸ್ಟರ್ಜನ್‌ಗಳಲ್ಲಿ ಮುದಿತನದವರೆಗೂ ಹಾಗೆಯೇ ಇರುತ್ತದೆ, ಅದರ ಸುತ್ತ ನಮ್ಮಂತೆ ಗಟ್ಟಿಯಾದ ಬೆನ್ನೆಲುಬಿನ ಮಣಿಗಳು ಕೂಡಿಕೊಳ್ಳುವುದಿಲ್ಲ.

ಹೆಸರಿನ ವಿಷಯದಲ್ಲಿ ಬಿಳಿ ಎಂಬುದನ್ನು ಬಿಡುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಇದರ ವೈಜ್ಞಾನಿಕ ಹೆಸರಿನ ಆಲ್ಬಸ್ ಎಂಬುದಕ್ಕೆ ಬಿಳಿ ಎಂದೇ ಅರ್ಥವಾದರೂ, ಪೆಸಿಫಿಕ್ ಕರಾವಳಿಯ ನದಿಗಳಲ್ಲಿರುವ ಬೇರೊಂದು ದೈತ್ಯ ಸ್ಟರ್ಜನ್‌ಗೆ ಬಿಳಿ ಎಂಬ ಹೆಸರು ಆಗಲೇ ಅಂಟಿದೆ. ಮೇಲಾಗಿ ಕಾವೇರಿ ತೀರದ ನಮ್ಮವರಿಗೆ ಬಿಳಿಮೀನು ಎಂದರೆ ಮಹಶೀರ್. ಪ್ಯಾಲಿಡ್ ಎಂದೇ ಬರೆದು, ಮಾಸಲು ಬೂದು ಮೈಬಣ್ಣದ್ದು ಎಂದು ವಿವರಿಸಿದರೆ ಗೊಂದಲವಿರದು.

ಕಬಿನಿ ಕಡೆಯವರು

ಅದಕ್ಕೆ ಮಾಸಲು ಬಣ್ಣವೇಕೆ, ಅಷ್ಟು ಚಿಕ್ಕ ಕಣ್ಣೇಕೆ? ನಮ್ಮ ಬಾಳೆಮೀನಿಗೂ ಮೀಸೆಯಿದೆ, ಆದರೆ ಅದು ಮೇಲೆ ಬಂದು ಬೇಟೆಯಾಡುತ್ತದೆ. ಇದು ಸದಾ ತಳದಲ್ಲೇ ಇದ್ದು ಬದುಕುವುದು ಹೇಗೆ?

ನೇತ್ರಾವತಿ ತೀರ

ಮಿಸೌರಿಯ ನೀರನ್ನು ತಿಳಿದರೆ ಈ ಮೀನಿನ ಮೈಯ ಅರ್ಥ ತಾನಾಗಿ ತಿಳಿಯುತ್ತದೆ. ಅಣೆಕಟ್ಟುಗಳು ಬರುವ ಮೊದಲು ಅದು ವರ್ಷವಿಡೀ ರಾಡಿ ಹೊತ್ತು ಹರಿಯುತ್ತಿದ್ದ ನದಿ. ಕುಡಿಯಲು ತೀರ ಗಟ್ಟಿ, ಉಳಲು ತೀರ ತೆಳು ಎಂದು ಅಲ್ಲಿನ ಜನ ಆಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಮುಂಗಾರಿನ ಮೊದಲ ಪ್ರವಾಹದಲ್ಲಿ ಹೊಳೆಗೆ ಬರುವ ಕೆನ್ನೀರನ್ನು ನೆನೆದುಕೊಳ್ಳಿರಿ, ಅದರೊಳಗೆ ಒಂದು ಗೇಣು ಕೆಳಗೆ ಕೈ ಕಾಣುವುದಿಲ್ಲ. ಅಂಥ ನೀರಿನ ತಳದಲ್ಲಿ ಕಣ್ಣು ಎಷ್ಟು ದೊಡ್ಡದಿದ್ದರೇನು? ಮೂತಿಯ ಕೆಳಭಾಗದ ತುಂಬ ಸೂಜಿಮೊನೆಯಂಥ ಗುಂಡಿಗಳಿರುತ್ತವೆ, ಅವು ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಗ್ರಹಿಸುತ್ತವೆ. ಮೀಸೆಗಳು ಮರಳನ್ನು ಸವರುತ್ತಾ ಸ್ಪರ್ಶ ಮತ್ತು ರುಚಿ ಎರಡನ್ನೂ ತಿಳಿಸುತ್ತವೆ. ಬೇಟೆ ಮೀಸೆಗೆ ತಗುಲಿದ ಮರುಕ್ಷಣ ಹಿಂದೆಯೇ ಇರುವ ಬಾಯಿ ಕೆಳಕ್ಕೆ ಚಾಚಿ ಅದನ್ನು ಒಳಗೆಳೆದುಕೊಳ್ಳುತ್ತದೆ. ಒಮಾಹಾದವರು ಕಂಡ ಕೊಳವೆ ಅದೇ.

ಸೆಳವಿನಲ್ಲಿ ನಿಲ್ಲುವುದು ಇನ್ನೊಂದು ವಿದ್ಯೆ. ದೊಡ್ಡ ಮರಳು ನದಿಗಳ ತಳ ಸಮತಟ್ಟಾಗಿರುವುದಿಲ್ಲ, ಮರುಭೂಮಿಯ ದಿಣ್ಣೆಗಳಂತೆ ನೀರಿನೊಳಗೂ ಮರಳಿನ ಅಲೆಗಳು ಎದ್ದು ಮೆಲ್ಲಗೆ ಮುಂದೆ ಸರಿಯುತ್ತಿರುತ್ತವೆ. ಆ ದಿಣ್ಣೆಗಳ ಮರೆಯಲ್ಲಿ ಸೆಳವು ಕಡಿಮೆ. ಚಪ್ಪಟೆ ತಲೆ, ತಳಕ್ಕೆ ಒತ್ತಿಕೊಳ್ಳುವ ಅಗಲವಾದ ಮುಂದಿನ ಈಜುರೆಕ್ಕೆಗಳು, ಬಾಲದ ಹತ್ತಿರ ಸಪೂರವಾಗಿ ಪೂರ್ತಿ ಕವಚ ಹೊದ್ದ ಮೈ, ಇವೆಲ್ಲ ಕಡಿಮೆ ಶ್ರಮದಲ್ಲಿ ತಳಕ್ಕೆ ಅಂಟಿಕೊಂಡಿರಲು ನೆರವಾಗುತ್ತವೆ. ಬಿಟ್ಟ ಮೀನು ರೆಕ್ಕೆ ಅಗಲಿಸಿ ಸೆಳವಿಗೆ ಎದುರಾಗಿ ನಿಂತಿತೆಂದು ಬರೆದಿದ್ದೀರಲ್ಲ, ಇಡೀ ಆಯುಷ್ಯ ಅದು ಮಾಡುವ ಕೆಲಸವೇ ಅದು.

ಆಹಾರದಲ್ಲಿ ಎರಡಕ್ಕೂ ವ್ಯತ್ಯಾಸವಿದೆ. ಸಲಿಕೆಮೂತಿ ಕೊನೆಯವರೆಗೂ ಮುಖ್ಯವಾಗಿ ನೀರಹುಳುಗಳನ್ನೇ ತಿನ್ನುತ್ತದೆ. ಪ್ಯಾಲಿಡ್ ಎಳೆತನದಲ್ಲಿ ಹುಳು ತಿಂದು, ಬೆಳೆದಂತೆ ತಳದಲ್ಲೇ ಇರುವ ಸಣ್ಣ ಮೀನುಗಳ ಬೇಟೆಗೆ ತಿರುಗುತ್ತದೆ. ಅದು ತಿನ್ನುವ ಮೀನುಗಳಲ್ಲಿ ಕೆಲವು, ಉದಾಹರಣೆಗೆ ಸ್ಟರ್ಜನ್ ಚಬ್ ಎಂಬ ಬೆರಳುದ್ದದ ಮೀನು, ತಾವೂ ರಾಡಿ ನೀರಿಗೆ ಹೊಂದಿಕೊಂಡವು. ನೀರು ತಿಳಿಯಾದರೆ ಕಣ್ಣಿನಿಂದ ಬೇಟೆಯಾಡುವ ಇತರ ಮೀನುಗಳಿಗೆ ಅನುಕೂಲವಾಗುತ್ತದೆ. ರಾಡಿ ನೀರನ್ನು ನಾವು ಕೊಳಕು ಎಂದುಕೊಳ್ಳುತ್ತೇವೆ, ಈ ಮೀನುಗಳಿಗೆ ಅದು ಮರೆ.

ನಿವೃತ್ತ ಎಂಜಿನಿಯರ್, ಹೊಸಪೇಟೆ

ನಾನು ಮೂವತ್ತಮೂರು ವರ್ಷ ನೀರಾವರಿಯಲ್ಲಿ ಕೆಲಸ ಮಾಡಿದವನು, ಆದ್ದರಿಂದ ಅಣೆಕಟ್ಟಿನ ಮಾತು ಬಂದಾಗ ಸುಮ್ಮನಿರಲಾರೆ. ಮಿಸೌರಿಯ ಮೇಲೆ 1943ರಲ್ಲಿ ಭಾರಿ ಪ್ರವಾಹಗಳು ಬಂದ ಬಳಿಕ 1944ರಲ್ಲಿ ಅದರ ಮೇಲೆ ಸಾಲು ಅಣೆಕಟ್ಟುಗಳನ್ನು ಕಟ್ಟುವ ಪಿಕ್–ಸ್ಲೋನ್ ಯೋಜನೆಗೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲೇ, 1933ರಿಂದ 1940ರವರೆಗೆ, ಮೊಂಟಾನಾದಲ್ಲಿ ಫೋರ್ಟ್ ಪೆಕ್ ಅಣೆಕಟ್ಟು ಎದ್ದಿತ್ತು. ಆರು ಕಿಲೋಮೀಟರಿಗೂ ಉದ್ದವಾದ ಮಣ್ಣಿನ ಒಡ್ಡು ಅದು, ನೀರಿನೊಡನೆ ಕಲಸಿದ ಮಣ್ಣನ್ನು ಕೊಳವೆಗಳಲ್ಲಿ ತಂದು ಸುರಿದು ಕಟ್ಟಿದ್ದು. ನಂತರ ಫೋರ್ಟ್ ರಾಂಡಲ್, ಗ್ಯಾರಿಸನ್, ಗ್ಯಾವಿನ್ಸ್ ಪಾಯಿಂಟ್, ಓಆಹೀ, ಬಿಗ್ ಬೆಂಡ್ ಬಂದವು. ವಿದ್ಯುತ್ತು, ಪ್ರವಾಹ ನಿಯಂತ್ರಣ, ನೀರು ಸರಬರಾಜು, ಇವುಗಳಿಂದ ಲಕ್ಷಾಂತರ ಜನರಿಗೆ ಆದ ಉಪಕಾರ ಅಲ್ಪವಲ್ಲ. 1952ರ ಪ್ರವಾಹದಲ್ಲಿ ಒಮಾಹಾ ನಗರವೇ ದಂಡೆಗೆ ಮರಳಿನ ಮೂಟೆ ಪೇರಿಸಿ ಕಾಯುವ ಸ್ಥಿತಿಯಲ್ಲಿತ್ತು.

ಮೀನುಗಳಿಗೆ ತೊಂದರೆಯಾಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಮೊಟ್ಟೆಯಿಡಲು ಮೇಲಕ್ಕೆ ಹೋಗುವ ಮೀನಿಗೆ ಅಣೆಕಟ್ಟಿನ ಪಕ್ಕದಲ್ಲಿ ಮೆಟ್ಟಿಲಿನಂಥ ಕಾಲುವೆ ಕಟ್ಟಿದರೆ ಸಮಸ್ಯೆ ಬಗೆಹರಿಯಬೇಕಲ್ಲವೇ? ಎಂಜಿನಿಯರನ ದೃಷ್ಟಿಯಿಂದ ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ನೇತ್ರಾವತಿ ತೀರ

ಸರ್, ಪ್ರಶ್ನೆ ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಪ್ಯಾಲಿಡ್ ಸ್ಟರ್ಜನ್‌ನ ಕಥೆಯ ಗಂಟು ಇರುವುದು ಅಲ್ಲಿಯೇ. ಮೇಲಕ್ಕೆ ಹೋಗುವ ತಾಯಿಮೀನಿನ ದಾರಿ ಅರ್ಧ ಕಥೆ, ಕೆಳಕ್ಕೆ ತೇಲಿಬರುವ ಮರಿಯ ದಾರಿ ಇನ್ನರ್ಧ. ಮೆಟ್ಟಿಲು ಕಟ್ಟಿದರೆ ಮೊದಲನೆಯದಕ್ಕೆ ಮಾತ್ರ ಪ್ರಯೋಜನ.

ವಸಂತದ ಕೊನೆಯಲ್ಲಿ ಹಿಮ ಕರಗಿ ನದಿ ತುಂಬಿ, ನೀರಿನ ಉಷ್ಣತೆ 16ರಿಂದ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದಾಗ, ಪ್ರಾಯಕ್ಕೆ ಬಂದ ಮೀನುಗಳು ಪ್ರವಾಹಕ್ಕೆ ಎದುರಾಗಿ ನೂರಾರು ಕಿಲೋಮೀಟರ್ ಏರುತ್ತವೆ. ಹೆಣ್ಣು ಮೊದಲ ಸಲ ಮೊಟ್ಟೆಯಿಡುವುದು ಹದಿನೈದು ವರ್ಷದ ಆಸುಪಾಸಿನಲ್ಲಿ, ಆಮೇಲೆ ಪ್ರತಿ ವರ್ಷವಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಅಥವಾ ಇನ್ನೂ ತಡವಾಗಿ. ದೊಡ್ಡ ಹೆಣ್ಣಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ಆಳವಾದ, ಜೋರು ಸೆಳವಿನ, ಗಟ್ಟಿ ತಳದ ಜಾಗದಲ್ಲಿ ಬಿಡುವ ಆ ಮೊಟ್ಟೆಗಳು ಸಾಸಿವೆಗಿಂತ ಕೊಂಚ ದೊಡ್ಡವು, ಅಂಟಿನಿಂದ ಕಲ್ಲಿಗೆ ಹತ್ತಿಕೊಳ್ಳುತ್ತವೆ. ಸುಮಾರು ಒಂದು ವಾರದೊಳಗೆ ಅವು ಒಡೆಯುತ್ತವೆ.

ಹೊರಬಂದ ಮರಿ ಒಂದು ಸೆಂಟಿಮೀಟರಿಗೂ ಕಡಿಮೆ. ಅದಕ್ಕೆ ಈಜಲು ಬಾರದು, ಬಾಯಿ ಇನ್ನೂ ರೂಪುಗೊಂಡಿರುವುದಿಲ್ಲ, ಹೊಟ್ಟೆಯ ಕೆಳಗೆ ಮೊಟ್ಟೆಯ ಹಳದಿಯ ಚೀಲ ಜೋತುಬಿದ್ದಿರುತ್ತದೆ. ಕಲ್ಲುಸಂದಿಯಲ್ಲಿ ಅಡಗಿ ಕೂರುವ ಬದಲು ಅದು ಸೆಳವಿಗೆ ತನ್ನನ್ನು ಒಪ್ಪಿಸಿಕೊಂಡು, ತಳಕ್ಕೆ ಸಮೀಪವಾಗಿ, ಹಗಲೂ ರಾತ್ರಿ ತೇಲುತ್ತಾ ಸಾಗುತ್ತದೆ. ಚೀಲದ ಹಳದಿ ತೀರಿ, ಬಾಯಿ ಮೂಡಿ, ರೆಕ್ಕೆ ಬಲಿತು ತಳಕ್ಕೆ ನೆಲೆಸಲು ಹತ್ತು ಹನ್ನೆರಡು ದಿನಗಳು ಬೇಕು. ಅಷ್ಟು ದಿನಗಳಲ್ಲಿ ನದಿ ಅದನ್ನು ಎಷ್ಟು ದೂರ ಒಯ್ಯುತ್ತದೆ ಎಂದು ಮಿಸೌರಿಯಲ್ಲೇ ಮರಿಗಳನ್ನು ಬಿಟ್ಟು ಲೆಕ್ಕಹಾಕಿದಾಗ, ಸೆಳವಿನ ವೇಗಕ್ಕೆ ತಕ್ಕಂತೆ 245ರಿಂದ 530 ಕಿಲೋಮೀಟರ್ ಬಂದಿತು. ನೀರು ತಣ್ಣಗಿದ್ದರೆ ಬೆಳವಣಿಗೆ ನಿಧಾನವಾಗಿ ತೇಲುವ ದಿನಗಳು ಇನ್ನೂ ಹೆಚ್ಚುತ್ತವೆ, ಫೋರ್ಟ್ ಪೆಕ್ ಜಲಾಶಯದ ಆಳದಿಂದ ಹೊರಬೀಳುವ ನೀರು ಬಹಳ ತಣ್ಣಗಿರುತ್ತದೆ.

ಈಗ ನಕ್ಷೆ ನೋಡಿರಿ ಸರ್. ಫೋರ್ಟ್ ಪೆಕ್‌ನಿಂದ ಯೆಲ್ಲೋಸ್ಟೋನ್ ನದಿಯ ಸಂಗಮಕ್ಕೆ ಸುಮಾರು 300 ಕಿಲೋಮೀಟರ್. ಅದಾಗಿ ಸ್ವಲ್ಪ ದೂರದಲ್ಲೇ ಗ್ಯಾರಿಸನ್ ಅಣೆಕಟ್ಟಿನ ಹಿನ್ನೀರು, ಸಕಾಕವೀಯ ಸರೋವರ, ಶುರುವಾಗುತ್ತದೆ. ತೇಲುವ ಮರಿ ನೆಲೆಸಲು ಸಿದ್ಧವಾಗುವ ಮೊದಲೇ ನದಿ ಮುಗಿದುಹೋಗಿರುತ್ತದೆ.

ನಿವೃತ್ತ ಎಂಜಿನಿಯರ್, ಹೊಸಪೇಟೆ

ಅರ್ಥವಾಯಿತು ಮೇಡಂ. ಇಷ್ಟು ವರ್ಷ ನಾವು ಹಿನ್ನೀರಿನ ವಿಸ್ತಾರವನ್ನು ಮುಳುಗಡೆಯ ಎಕರೆಗಳಲ್ಲಿ ಅಳೆದೆವೇ ಹೊರತು ಹರಿವಿನ ಉದ್ದ ಎಷ್ಟು ಕಳೆದುಹೋಯಿತೆಂದು ಎಂದೂ ಅಳೆಯಲಿಲ್ಲ. ಇನ್ನೊಂದು ಸಂದೇಹ. ಮರಿ ಸರೋವರದೊಳಗೆ ಬಿದ್ದರೆ ಏನಾಗುತ್ತದೆ? ಅಲ್ಲಿಯೂ ನೀರಿದೆ, ತಳವಿದೆ, ಹುಳುಗಳಿವೆ. ತಿನ್ನುವ ಬೇರೆ ಮೀನುಗಳ ಕಾಟವೇ?

ನೇತ್ರಾವತಿ ತೀರ

ಬಹಳ ಕಾಲ ಎಲ್ಲರೂ ಹಾಗೆಂದೇ ಊಹಿಸಿದ್ದರು. 2015ರಲ್ಲಿ ಮೊಂಟಾನಾ ಸ್ಟೇಟ್ ವಿಶ್ವವಿದ್ಯಾಲಯದವರೂ ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯವರೂ ಸೇರಿ ಪ್ರಕಟಿಸಿದ ಅಧ್ಯಯನ ಬೇರೆಯದೇ ಕಾರಣವನ್ನು ತೋರಿಸಿತು. ನದಿ ಹಿನ್ನೀರನ್ನು ಹೊಕ್ಕೊಡನೆ ವೇಗ ಕಳೆದುಕೊಳ್ಳುತ್ತದೆ, ಹೊತ್ತು ತಂದ ನುಣ್ಣನೆಯ ಹೂಳು ಮತ್ತು ಕೊಳೆತ ಎಲೆಕಸ ಅಲ್ಲಿಯೇ ತಳಕ್ಕೆ ಕೂರುತ್ತವೆ. ಆ ಕಸವನ್ನು ಸೂಕ್ಷ್ಮಜೀವಿಗಳು ಕೊಳೆಯಿಸುವಾಗ ತಳಕ್ಕೆ ಅಂಟಿದ ನೀರಿನ ಪದರದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೇಲಿನ ನೀರಿನಲ್ಲಿ ಉಸಿರಾಡಲು ಬೇಕಾದಷ್ಟಿದ್ದರೂ ತಳದಲ್ಲಿ ಇಲ್ಲ. ಸೆಳವು ನಿಂತಾಗ ತೇಲಲಾರದ ಮರಿ ಇಳಿಯುವುದು ಆ ತಳಕ್ಕೇ. ದೊಡ್ಡ ಮೀನಾದರೆ ಮೇಲಕ್ಕೆ ಬರುತ್ತಿತ್ತು, ಅದಕ್ಕೆ ಆ ಶಕ್ತಿಯಿಲ್ಲ.

ಆ ಅಧ್ಯಯನದ ಹೊತ್ತಿಗೆ ಮೇಲಿನ ಮಿಸೌರಿಯ ಈ ಭಾಗದಲ್ಲಿ ನದಿಯಲ್ಲೇ ಸಹಜವಾಗಿ ಹುಟ್ಟಿ ಬೆಳೆದ ಪ್ಯಾಲಿಡ್‌ಗಳು ಉಳಿದಿದ್ದದ್ದು ಸುಮಾರು 125. ಅವೆಲ್ಲ ಮುದಿ ಮೀನುಗಳು. ಅರ್ಧ ಶತಮಾನಕ್ಕೂ ಮೇಲ್ಪಟ್ಟು ಬದುಕುವ ಜೀವವಾದ್ದರಿಂದಲೇ ಇಷ್ಟು ದಿನ ಉಳಿದುಕೊಂಡಿವೆ. ಅವು ವರ್ಷ ವರ್ಷ ಮೇಲೇರಿ ಮೊಟ್ಟೆಯಿಡುತ್ತಲೇ ಇದ್ದವು, ಮೊಟ್ಟೆಗಳು ಒಡೆಯುತ್ತಲೇ ಇದ್ದವು, ಆದರೆ ಒಂದು ತಲೆಮಾರೂ ಮೇಲೆ ಬರಲಿಲ್ಲ. ಈ ಸಾಲನ್ನು ಬರೆಯುವಾಗ ನನಗೆ ಪ್ರತಿ ಸಲವೂ ಸಂಕಟವಾಗುತ್ತದೆ.

ಕಬಿನಿ ಕಡೆಯವರು

ಫರಕ್ಕಾ ಬ್ಯಾರೇಜ್ 1975ರಲ್ಲಿ ಬಂದ ಮೇಲೆ ಗಂಗೆಯ ಮೇಲ್ಭಾಗಕ್ಕೆ ಹಿಲ್ಸಾ ಮೀನು ಬರುವುದು ಹೆಚ್ಚುಕಡಿಮೆ ನಿಂತಿತು ಎಂದು ಓದಿದ್ದೆ. ಅಲ್ಲಿ ತಾಯಿಮೀನಿಗೇ ದಾರಿ ಮುಚ್ಚಿತು, ಇಲ್ಲಿ ಮರಿಗೆ. ಹಾಗಾದರೆ ಪ್ಯಾಲಿಡ್‌ಗೆ ಉಳಿದ ದಾರಿ ಯಾವುದು? ಅಣೆಕಟ್ಟನ್ನಂತೂ ಯಾರೂ ಒಡೆಯುವುದಿಲ್ಲ.

ನೇತ್ರಾವತಿ ತೀರ

ಮೂರು ಕೆಲಸಗಳು ನಡೆದಿವೆ. 1990ರಲ್ಲಿ ಇದನ್ನು ಅಳಿವಿನಂಚಿನ ಪ್ರಭೇದವೆಂದು ಅಮೆರಿಕ ಸರ್ಕಾರ ಘೋಷಿಸಿದ ಮೇಲೆ, ನದಿಯ ಮೀನುಗಳನ್ನು ಹಿಡಿದು ತಂದು ಮೊಟ್ಟೆ ಪಡೆದು, ಮರಿ ಸಾಕಿ, ಬಲಿತ ಮೇಲೆ ನದಿಗೆ ಬಿಡುವ ಕೆಲಸ ತೊಂಬತ್ತರ ದಶಕದಲ್ಲಿ ಶುರುವಾಯಿತು. ದಕ್ಷಿಣ ಡಕೋಟಾದ ಯಾಂಕ್ಟನ್ ಬಳಿಯ ಗ್ಯಾವಿನ್ಸ್ ಪಾಯಿಂಟ್, ಉತ್ತರ ಡಕೋಟಾದ ಗ್ಯಾರಿಸನ್, ಮೊಂಟಾನಾದ ಮೈಲ್ಸ್ ಸಿಟಿ, ಇಂಥ ಮರಿಸಾಕಣೆ ಕೇಂದ್ರಗಳಲ್ಲಿ ಇದು ನಡೆಯುತ್ತದೆ. ತೇಲುವ ಹಂತವನ್ನು ತೊಟ್ಟಿಯಲ್ಲೇ ಕಳೆದ ಮರಿ ನದಿಯಲ್ಲಿ ಚೆನ್ನಾಗಿ ಬದುಕುತ್ತದೆ. ನದಿಯಲ್ಲಿ ಅದರ ಮುಂದಿನ ಬದುಕಿಗೆ ಬೇಕಾದದ್ದೆಲ್ಲ ಇನ್ನೂ ಇದೆ, ಮೊದಲ ಎರಡು ವಾರಗಳಿಗೆ ಬೇಕಾದದ್ದು ಮಾತ್ರ ಇಲ್ಲ ಎಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಯೆಲ್ಲೋಸ್ಟೋನ್. ಆ ನದಿಗೆ ದೊಡ್ಡ ಜಲಾಶಯವಿಲ್ಲ, ನೀರು ಇಂದಿಗೂ ಬೆಚ್ಚಗೆ, ರಾಡಿಯಾಗಿ, ಋತುವಿಗೆ ತಕ್ಕಂತೆ ಏರಿಳಿಯುತ್ತದೆ. ಆದರೆ ಸಂಗಮದಿಂದ ಸುಮಾರು 115 ಕಿಲೋಮೀಟರ್ ಮೇಲೆ ಇಂಟೇಕ್ ಎಂಬಲ್ಲಿ ಕಾಲುವೆಗೆ ನೀರು ತಿರುಗಿಸಲು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮರ ಮತ್ತು ಬಂಡೆಗಳಿಂದ ಒಂದು ತಗ್ಗಿನ ಅಡ್ಡಗಟ್ಟೆ ಕಟ್ಟಿದ್ದರು. ಆ ಕಾಲುವೆಯಿಂದ ಐವತ್ತು ಸಾವಿರ ಎಕರೆಗೂ ಹೆಚ್ಚು ಭೂಮಿಗೆ, ಮುಖ್ಯವಾಗಿ ಸಕ್ಕರೆ ಬೀಟ್ ಬೆಳೆಯುವ ರೈತರಿಗೆ, ನೀರು ಸಿಗುತ್ತದೆ. ತಳಕ್ಕೆ ಅಂಟಿ ಸಾಗುವ ಸ್ಟರ್ಜನ್ ಅದರ ಮೇಲಿನ ಬಂಡೆರಾಶಿಯ ಭೋರ್ಗರೆತವನ್ನು ದಾಟಲಾರದೆ ಅದರ ಕೆಳಗೇ ಮೊಟ್ಟೆಯಿಡುತ್ತಿತ್ತು, ಮರಿಗಳಿಗೆ ಬೇಕಾದ ದೂರ ಸಿಗುತ್ತಿರಲಿಲ್ಲ. ಪರಿಸರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಿದ್ದವು, ರೈತರೂ ತಮ್ಮ ನೀರಿನ ಹಕ್ಕಿಗಾಗಿ ನಿಂತರು. ಕಡೆಗೆ ಕಟ್ಟೆಯ ಪಕ್ಕದಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಬಳಸುಹೊಳೆಯೊಂದನ್ನು, ಮೆಟ್ಟಿಲುಗಳಿಲ್ಲದೆ ನಿಜವಾದ ನದಿಯ ಕವಲಿನಂತೆಯೇ, ತೋಡಿ 2022ರಲ್ಲಿ ನೀರು ಹರಿಸಿದರು. ಪ್ಯಾಲಿಡ್‌ಗಳು ಅದರ ಮೂಲಕ ಹತ್ತಿಹೋದದ್ದು ಅವುಗಳ ಮೈಯೊಳಗಿನ ರೇಡಿಯೋ ಸಾಧನಗಳಿಂದ ತಿಳಿದುಬಂದಿದೆ. ಅದರಿಂದ ಮೇಲೆ ಸುಮಾರು 265 ಕಿಲೋಮೀಟರ್ ನದಿ ಅವುಗಳಿಗೆ ಮತ್ತೆ ತೆರೆದಿದೆ. ಎಂಜಿನಿಯರ್ ಸರ್ ಅವರ ಪ್ರಶ್ನೆಗೆ ಇದು ಉತ್ತರವೂ ಹೌದು. ಮೇಲೇರುವ ದಾರಿ ಕೊಟ್ಟರೆ ಪ್ರಯೋಜನವಾಗುವುದು ಅದರಿಂದ ತೇಲುವ ದೂರವೂ ಹೆಚ್ಚುವ ಕಡೆಯಲ್ಲಿ.

ಮೂರನೆಯದು ನೀರಿನ ನಿರ್ವಹಣೆ. ಸಕಾಕವೀಯದ ಮಟ್ಟ ತಗ್ಗಿದ ವರ್ಷ ಹಿನ್ನೀರು ಹಿಂದೆ ಸರಿದು ಹರಿಯುವ ನದಿಯ ಉದ್ದ ಹೆಚ್ಚುತ್ತದೆ. ಇದು ಹೇಳಲು ಸುಲಭ, ಮಾಡಲು ಎಷ್ಟು ಜನರ ಒಪ್ಪಿಗೆ ಬೇಕೆಂಬುದನ್ನು ಹೊಸಪೇಟೆಯವರಿಗೆ ನಾನು ಹೇಳಬೇಕಾಗಿಲ್ಲ.

ಒಮಾಹಾ ನಿವಾಸಿ

ಇದನ್ನೆಲ್ಲ ಓದಿದ ಮೇಲೆ ನಮ್ಮ ಮನೆಯ ಹತ್ತಿರದ ಮಿಸೌರಿಯನ್ನು ಬೇರೆ ಕಣ್ಣಿನಿಂದ ನೋಡಿದೆ. ಇಲ್ಲಿ ಗ್ಯಾವಿನ್ಸ್ ಪಾಯಿಂಟ್‌ನಿಂದ ಕೆಳಗೆ ಒಂದೂ ಅಣೆಕಟ್ಟಿಲ್ಲ, ಮಿಸ್ಸಿಸಿಪ್ಪಿ ಸೇರುವವರೆಗೆ ಸುಮಾರು 1,300 ಕಿಲೋಮೀಟರ್ ನದಿ ತಡೆಯಿಲ್ಲದೆ ಹರಿಯುತ್ತದೆ. ಹಾಗಿದ್ದರೆ ಇಲ್ಲಿನ ಮರಿಗಳಿಗೆ ತೊಂದರೆ ಇರಬಾರದಲ್ಲವೇ?

ನೇತ್ರಾವತಿ ತೀರ

ಉದ್ದ ಇದೆ, ಅಗಲ ಹೋಗಿದೆ. ಸೂ ಸಿಟಿಯಿಂದ ಸೇಂಟ್ ಲೂಯಿಸ್ ಬಳಿಯವರೆಗೆ, ಸುಮಾರು 1,180 ಕಿಲೋಮೀಟರ್, ದೋಣಿ ಸಂಚಾರಕ್ಕಾಗಿ ನದಿಯನ್ನು ಕಲ್ಲುಕಟ್ಟೆಗಳಿಂದ ಒತ್ತಿ ಒಂಬತ್ತು ಅಡಿ ಆಳದ, ಮುನ್ನೂರು ಅಡಿ ಅಗಲದ ಒಂದೇ ಸಾಗುಕಾಲುವೆಯನ್ನಾಗಿ ಮಾಡಿದ್ದಾರೆ. ಮೊದಲು ಅಲ್ಲಿ ಹತ್ತಾರು ಕವಲುಗಳು, ಮರಳ ದಿಬ್ಬಗಳು, ನಡುಗಡ್ಡೆಗಳು, ಮಂದ ನೀರಿನ ಅಂಚುಗಳು ಇದ್ದವು. ತೇಲಿಬರುವ ಮರಿ ಸೆಳವಿನಿಂದ ಪಕ್ಕಕ್ಕೆ ಸರಿದು ಇಳಿದುಕೊಳ್ಳುತ್ತಿದ್ದದ್ದು ಅಂಥ ಜಾಗಗಳಲ್ಲಿ. ಈಗ ಅದು ಇಳಿಯುವ ತಾಣ ಸಿಗದೆ ಮುಂದೆ ಮುಂದೆ ಹೋಗುತ್ತದೆ ಎಂಬ ವಿಚಾರದ ಮೇಲೆ, ಕೆಲವು ಕಡೆ ಕಲ್ಲುಕಟ್ಟೆಗಳನ್ನು ಸಡಿಲಿಸಿ ದಂಡೆಯನ್ನು ಅಗಲ ಮಾಡುವ ಪ್ರಯೋಗಗಳು ನಿಮ್ಮ ಭಾಗದಲ್ಲೇ ನಡೆದಿವೆ. ನೀವು ಗಾಳ ಹಾಕಿದ ಪ್ಲಾಟ್ ನದಿ ಇನ್ನೂ ಬಹುಮಟ್ಟಿಗೆ ಹಳೆಯ ರೂಪದಲ್ಲಿದೆ: ಅಗಲ, ತೆಳು ನೀರು, ಕವಲು, ಮರಳು. ಅದರ ಕೊನೆಯ ಭಾಗಕ್ಕೆ ಪ್ಯಾಲಿಡ್‌ಗಳು ಬರುವುದು ದಾಖಲಾಗಿದೆ. ನಿಮ್ಮ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳದಿರಲು ಅದೇ ಕಾರಣ.

ಹೈಸ್ಕೂಲ್ ಮೇಷ್ಟ್ರು, ಗದಗ

ಸಲಿಕೆಮೂತಿ ಸಾಕಷ್ಟಿದೆ ಎಂದಿರಿ. ಅದನ್ನು ಹಿಡಿಯಲು ಅಡ್ಡಿಯಿಲ್ಲವೇ? ಹಿಡಿದವರು ಒಂದನ್ನು ಇನ್ನೊಂದೆಂದು ತಪ್ಪು ತಿಳಿದರೆ?

ನೇತ್ರಾವತಿ ತೀರ

ಅದೇ ಆಯಿತು ಮೇಷ್ಟ್ರೇ. ಕ್ಯಾಸ್ಪಿಯನ್ ಸಮುದ್ರದ ಬೆಲುಗಾ ಸ್ಟರ್ಜನ್ ಮೊಟ್ಟೆಯ ಖಾದ್ಯವಾದ ಕ್ಯಾವಿಯಾರ್‌ನ ಆಮದನ್ನು ಅಮೆರಿಕ 2005ರಲ್ಲಿ ನಿಲ್ಲಿಸಿದ ಮೇಲೆ ದೇಶದ ಒಳಗಿನ ಸ್ಟರ್ಜನ್ ಮೊಟ್ಟೆಗೆ ಬೇಡಿಕೆ ಹೆಚ್ಚಿತು. ಕಪ್ಪು ಮೊಟ್ಟೆ ತುಂಬಿದ ಹೆಣ್ಣನ್ನು ಕೊಯ್ದ ಮೇಲೆ ಅದು ಯಾವುದೆಂದು ಯಾರು ನೋಡುತ್ತಾರೆ? ಆದ್ದರಿಂದ 2010ರಲ್ಲಿ ಕಾನೂನಿನ ಅಪರೂಪದ ಅವಕಾಶವೊಂದನ್ನು ಬಳಸಿ, ಎರಡೂ ಒಟ್ಟಿಗಿರುವ ನದಿಭಾಗಗಳಲ್ಲಿ ಸಲಿಕೆಮೂತಿಯನ್ನೂ ಕೇವಲ ರೂಪಸಾಮ್ಯದ ಕಾರಣಕ್ಕೆ ರಕ್ಷಿತ ಪಟ್ಟಿಗೆ ಸೇರಿಸಿ ವಾಣಿಜ್ಯ ಮೀನುಗಾರಿಕೆಯನ್ನು ನಿಲ್ಲಿಸಿದರು. ಹವ್ಯಾಸಕ್ಕೆ ಗಾಳ ಹಾಕುವವರಿಗೆ ಆ ನಿಷೇಧ ಅನ್ವಯಿಸುವುದಿಲ್ಲ, ರಾಜ್ಯಗಳ ನಿಯಮಗಳನ್ನು ಅವರು ನೋಡಿಕೊಳ್ಳಬೇಕು. ಇನ್ನೊಂದು ತೊಡಕೂ ಇದೆ. ಈ ಎರಡರ ನಡುವೆ ಮಿಶ್ರತಳಿಗಳು ಹುಟ್ಟುತ್ತವೆ, ಕೆಳಗಿನ ನದಿಗಳಲ್ಲಿ ಇವು ಹೆಚ್ಚು. ಅವುಗಳ ಮೀಸೆ, ಹೊಟ್ಟೆ ಎರಡೂ ನಡುವಿನ ರೂಪದಲ್ಲಿರುತ್ತವೆ, ಅಂಥವನ್ನು ತಳಿಪರೀಕ್ಷೆಯಿಂದಲೇ ತೀರ್ಮಾನಿಸಬೇಕು.

ಒಮಾಹಾ ನಿವಾಸಿ

ಚಿತ್ರಗಳನ್ನು ದೊಡ್ಡದು ಮಾಡಿ ನೋಡಿದೆ. ಹೊಟ್ಟೆಯ ಚಿತ್ರದಲ್ಲಿ ಕಿವಿರಿನ ಹಿಂದಿನಿಂದ ಹಿಡಿದು ಹಿಂಭಾಗದವರೆಗೆ ಚಿಕ್ಕಚಿಕ್ಕ ಬಿಲ್ಲೆಗಳು ಒಂದರ ಪಕ್ಕ ಒಂದು ಕೂತಿವೆ, ಬರಿಯ ಚರ್ಮ ಎಲ್ಲಿಯೂ ಕಾಣುವುದಿಲ್ಲ. ತಲೆಯ ಚಿತ್ರದ ಮೇಲೆ ಅಳತೆಪಟ್ಟಿ ಇಟ್ಟೆ. ನಾಲ್ಕು ಮೀಸೆಗಳ ಬುಡ ಒಂದೇ ಗೆರೆಗೆ ಸಿಗುತ್ತದೆ. ಹೊರಗಿನ ಮೀಸೆ ಪಟ್ಟಿಯ ಮೇಲೆ 31 ಮಿಲಿಮೀಟರ್ ಬಂದರೆ ಒಳಗಿನದು 26.

ನೇತ್ರಾವತಿ ತೀರ

ಅದು ಸಲಿಕೆಮೂತಿ. ಬಿಲ್ಲೆ ತುಂಬಿದ ಹೊಟ್ಟೆ, ನೇರ ಗೆರೆ, ಸಮೀಪದ ಉದ್ದಗಳು, ಮೂರೂ ಒಂದೇ ಕಡೆ ತೋರಿಸುತ್ತಿವೆ, ಮಿಶ್ರತಳಿಯೆಂದು ಸಂಶಯಪಡಲು ಕಾರಣ ಕಾಣುವುದಿಲ್ಲ. ಮುಂದಿನ ಸಲ ಹೊಟ್ಟೆ ನುಣುಪಾಗಿರುವುದು ಸಿಕ್ಕರೆ ನೀರಿನಲ್ಲೇ ಇಟ್ಟು ಗಾಳ ಬಿಡಿಸಿ, ಮೈಮೇಲೆ ಗುರುತುಪಟ್ಟಿಯೇನಾದರೂ ಇದ್ದರೆ ಅದರ ಸಂಖ್ಯೆಯನ್ನು ಬರೆದುಕೊಂಡು, ರಾಜ್ಯದ ಮೀನುಗಾರಿಕೆ ಇಲಾಖೆಗೆ ತಿಳಿಸಿರಿ. ಮರಿಸಾಕಣೆಯಿಂದ ಬಿಟ್ಟ ಮೀನಾಗಿದ್ದರೆ ಅದನ್ನು ಯಾವ ವರ್ಷ, ಎಲ್ಲಿ ಬಿಟ್ಟರೆಂಬುದು ಅವರ ದಾಖಲೆಯಲ್ಲಿರುತ್ತದೆ.

ಒಮಾಹಾ ನಿವಾಸಿ

ಧನ್ಯವಾದಗಳು ಮೇಡಂ. ಜೂನ್‌ನಲ್ಲಿ ಮಕ್ಕಳಿಗೆ ರಜೆ. ಯಾಂಕ್ಟನ್‌ನ ಮರಿಸಾಕಣೆ ಕೇಂದ್ರದ ಪಕ್ಕದಲ್ಲಿ ಸಾರ್ವಜನಿಕರು ನೋಡಬಹುದಾದ ಮತ್ಸ್ಯಾಲಯವಿದೆ. ಕರೆದುಕೊಂಡು ಹೋಗಿ, ಎರಡರ ಹೊಟ್ಟೆಯನ್ನೂ ಗಾಜಿನ ಈಚೆಯಿಂದ ನೋಡಲು ಸಾಧ್ಯವಾದರೆ ಚಿತ್ರ ತೆಗೆದು ಇಲ್ಲಿಯೇ ಹಾಕುತ್ತೇನೆ.